ಸೂತಕ ಕಳೆಯುವ ತನಕ

ನಳ ಮೊದಲು ಉಸಿರು ಬಿಡುತ್ತದೆ, ನೀರು ಆಮೇಲೆ, ಆ ಸುಸ್ ಎನ್ನುವ ಸದ್ದಿಗೇ ಸೇವಂತಿ ಎದ್ದು ಕೂತಿದ್ದಾಳೆ, ನಿದ್ದೆ ಇನ್ನೂ ಚಾಪೆಯ ಮೇಲಿದೆ, ಕೈ ಆಗಲೇ ಪೈಪಿನ ಕಡೆಗೆ ಹೋಗಿದೆ, ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ಈ ಕೈಗೆ ಗಡಿಯಾರ ಬೇಕಾಗಿಲ್ಲ — ಇದೆಲ್ಲ ಶುರುವಾದದ್ದೂ ಇದೇ ಹೊತ್ತಿಗೆ, ಮಾಗಿಯಲ್ಲಿ, ಬೆಳಕು ಹರಿಯುವ ಮುಂಚೆ, ಭಾಂಡುಪಿನಲ್ಲಿ ಚಳಿ ಎಂದರೆ ಫ್ಯಾನು ನಿಲ್ಲಿಸಿ ಚಾದರ ಎಳೆದುಕೊಳ್ಳುವಷ್ಟು, ಅಷ್ಟೇ, ಆದರೂ ಅವತ್ತು ಬಚ್ಚಲ ಮೋರಿಯ ಕಲ್ಲು ಅಂಗಾಲನ್ನು ಕಚ್ಚುತ್ತಿತ್ತು, ಡ್ರಮ್ಮಿಗೆ ಪೈಪು ಇಳಿಸಿ ಬಗ್ಗಿ ನಿಂತಿದ್ದಾಗ ಗಂಡನ ಫೋನು ಬಡಿದುಕೊಂಡಿತು, ಊರಿನಿಂದ, ಆ ಹೊತ್ತಿಗೆ ಊರಿನಿಂದ ಫೋನು ಬಂದರೆ ಎತ್ತುವ ಮೊದಲೇ ಗೊತ್ತಾಗುತ್ತದೆ, ಗಂಡ ಅಂಗಾರ ಅದನ್ನು ಕಿವಿಗೆ ಹಿಡಿದು ಹಾಂ ಎಂದರು, ಇನ್ನೊಮ್ಮೆ ಹಾಂ ಎಂದರು, ಆಮೇಲೆ ಮಂಚದ ಅಂಚಿನಲ್ಲಿ ಕೂತು ತಮ್ಮ ಊದಿದ ಮೊಣಕಾಲನ್ನೇ ನೋಡುತ್ತ, ಅಣ್ಣ ಹೋದ, ಎಂದರು. ಡ್ರಮ್ಮು ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು, ಸೇವಂತಿ ನಳ ತಿರುಗಿಸಲಿಲ್ಲ, ದೊಡ್ಡ ಭಾವ ಹೋದರು, ಎಂಬತ್ತು ದಾಟಿದ ಜೀವ, ಹಾಸಿಗೆ ಹಿಡಿದು ವರ್ಷವಾಗಿತ್ತು, ಬಿಡುಗಡೆ ಆಯಿತು ಪಾಪ ಎಂದುಕೊಂಡಳು, ಕಣ್ಣಲ್ಲಿ ನೀರೂ ಬಂತು, ಆ ನೀರು ಇಳಿಯುವ ಮೊದಲೇ ಇನ್ನೊಂದು ಯೋಚನೆ ಬಂದು ಎದೆಯಲ್ಲಿ ಕೂತಿತು — ಇನ್ನು ಸೂತಕ, ಹದಿಮೂರನೆಯ ದಿನ ಬೊಜ್ಜ ಮಾಡಿ ಶುದ್ಧವಾಗುವ ತನಕ ಇನ್ನೊಬ್ಬರ ಮನೆಯ ಹೊಸಿಲು ತುಳಿಯುವ ಹಾಗಿಲ್ಲ, ಸೊಸೆ ಯಕ್ಷಿತಾ ಬರುವ ಭಾನುವಾರ ಮಲಾಡಿಗೆ ತಾಯಿಯ ಮನೆಗೆ ಹೋಗುವವಳು, ಹೆರಿಗೆಗೆ, ಚೀಲ ಕಟ್ಟಿ ಆಗಿದೆ.

ಇವತ್ತೂ ಚೀಲ ಕಟ್ಟಿ ಆಗಿದೆ, ಒಳಗಿರುವ ಬಟ್ಟೆ ಮಾತ್ರ ಬೇರೆ. ಸೇವಂತಿ ಸದ್ದಾಗದಂತೆ ಕೊಡವನ್ನು ಎತ್ತಿ ಇಡುತ್ತಾಳೆ, ಯಕ್ಷಿತಾ ಮಲಗಿದ್ದಾಳೆ, ಮಲಗಿದ ಹಾಗಿದ್ದಾಳೆ, ಪಕ್ಕದಲ್ಲಿ ಮೊಮ್ಮಗಳು ಧಾತ್ರಿ ಅಮ್ಮನ ನೈಟಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ನಿದ್ದೆ ಹೋಗಿದೆ, ಮೂರು ವರ್ಷದ ಕೂಸು, ಎಲ್ಲಿ ಬಿಟ್ಟು ಹೋಗುತ್ತಾಳೋ ಎಂದು ರಾತ್ರಿಯಿಡೀ ಹಿಡಿದುಕೊಂಡಿದೆ. ಈ ಧಾತ್ರಿಯನ್ನು ಹೊಟ್ಟೆ ಕೊಯ್ದು ತೆಗೆದದ್ದು, ಇಲ್ಲೇ ಸ್ಟೇಷನ್ನಿನ ಆಚೆಯ ನರ್ಸಿಂಗ್ ಹೋಮಿನಲ್ಲಿ, ನೋವು ತಿಂದು ತಿಂದು ಒಂದು ಹಗಲು ಕಳೆದ ಮೇಲೆ ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದರು, ಮಗ ಸುಹಾಸನ ಕೈಗೆ ಪೆನ್ನು ಕೊಟ್ಟರು, ಅವನು ಸಹಿ ಹಾಕಿದ, ಮಗು ಬದುಕಿತು, ಎಲ್ಲರೂ ಪೇಡೆ ತಿಂದರು. ಯಕ್ಷಿತಾ ತಿನ್ನಲಿಲ್ಲ. ಹೊಲಿಗೆ ಕೀವು ಹಿಡಿಯಿತು, ಕೆಮ್ಮಿದರೆ ಅಳು, ಮಗುವನ್ನು ಎತ್ತಲು ಬಗ್ಗಿದರೆ ಅಳು, ಹಾಲು ಹತ್ತಲಿಲ್ಲ, ಬಿಸಿನೀರು ಹೊಯ್ಯಲು ಕೂರಿಸಿದಾಗ ಬೆನ್ನು ತಿರುಗಿಸಿ ಹೇಳಿದ್ದಳು, ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಮಾಮಿ, ಕೈ ಎರಡೂ ಕಟ್ಟಿದ್ದರು, ಬಕ್ರೀ ಕೀ ತರಹ್, ಆಡಿನ ಹಾಗೆ, ಮೇಲೆ ನಿಂತವರು ಕ್ರಿಕೆಟ್ ಸ್ಕೋರ್ ಮಾತಾಡ್ತಾ ಇದ್ದರು. ಸೇವಂತಿ ತಂಬಿಗೆಯಿಂದ ಇನ್ನೊಂದಿಷ್ಟು ನೀರು ಹೊಯ್ದಳು, ತನ್ನ ಕಾಲದಲ್ಲಿ ಬೈಕುಲ್ಲಾದ ಚಾಳಿನಿಂದ ಸರಕಾರಿ ಆಸ್ಪತ್ರೆಗೆ ನಡೆದೇ ಹೋಗಿದ್ದಳು, ಕಬ್ಬಿಣದ ಮಂಚ, ಒಂದರಲ್ಲಿ ಇಬ್ಬರು, ಕೂಗಿದರೆ ಆಯಾ ತೊಡೆಯ ಮೇಲೆ ಬಾರಿಸಿ, ಗಪ್ ಬಸ್ ಬಾಯಿ, ಎಂದು ಬಾಯಿ ಮುಚ್ಚಿಸುತ್ತಿದ್ದಳು, ಹಾಗೆ ಹುಟ್ಟಿದವನು ಈ ಸುಹಾಸ, ಆದರೆ ಹುಟ್ಟಿದ ಕೂಡಲೇ ಬೆಚ್ಚಗೆ ಒದ್ದೆಯಾಗಿ ಎದೆಯ ಮೇಲೆ ಬಿದ್ದಿದ್ದ, ಅದೊಂದು ಈ ಹುಡುಗಿಗೆ ಸಿಗಲಿಲ್ಲ ಎಂದು ಸೇವಂತಿಗೆ ಆವಾಗ ಅನಿಸಿತ್ತು. ಹಾಗಾಗಿ ಎರಡನೆಯದು ನಿಂತಾಗ ಯಕ್ಷಿತಾ ಮೊದಲ ದಿನವೇ, ಈ ಸಲ ನಾನು ಕೊಯ್ಸಿಕೊಳ್ಳುವುದಿಲ್ಲ ಮಾಮಿ, ಎಂದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ, ಇವರು, ಅವಳ ಗಂಡ, ಮಾತ್ರ, ಒಮ್ಮೆ ಕತ್ತರಿ ಬಿದ್ದ ಬಟ್ಟೆ ಮತ್ತೆ ಇಡಿಯಾಗುತ್ತದಾ, ಎಂದರು, ಸುಹಾಸ ಆ ಸಹಿಯಿಂದ ಇನ್ನೂ ಹೊರಗೆ ಬಂದಿರಲಿಲ್ಲ.

ಮಲಾಡಿನ ಡಾಕ್ಟರಮ್ಮನನ್ನು ಹುಡುಕಿದ್ದು ಯಕ್ಷಿತಾಳೇ, ಫೋನಿನಲ್ಲಿ, ಊಟದ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ತಳ್ಳಿ ತಳ್ಳಿ, ಶಿವಕುಮಾರಿ ಎಂದು ಹೆಸರು, ಬೆಂಗಳೂರಿನ ಕಡೆಯವರು, ಕನ್ನಡ ಬರುತ್ತದೆ ಎಂದು ಗೊತ್ತಾದ ಮೇಲೆ ಸೇವಂತಿಯನ್ನೂ ಎಳೆದುಕೊಂಡು ಹೋದಳು. ಆ ಡಾಕ್ಟರು ಸೇವಂತಿಯನ್ನು ಹೊರಗೆ ಕೂರಿಸಲಿಲ್ಲ, ಅಜ್ಜಿ ನೀವೂ ಬನ್ನಿ, ಕೇಳಿಸ್ಕೊಳ್ಳಿ, ಎಂದು ಕುರ್ಚಿ ಎಳೆದು ಕೊಟ್ಟರು, ನಿಮ್ಮ ಸೊಸೆ ತಾನೇ ಹೆರಬಹುದು, ಹಿಂದಿನ ಗಾಯ ಅಡ್ಡಕ್ಕಿದೆ, ಚೆನ್ನಾಗಿ ಕೂಡಿದೆ, ಮಗು ತಲೆ ಕೆಳಗೆ ಮಾಡಿದೆ, ನಾನು ಒಪ್ತೀನಿ. ಆದ್ರೆ ಕೂಡಿದ ಜಾಗ ಕೂಡಿದ ಜಾಗಾನೇ, ಇನ್ನೂರರಲ್ಲಿ ಒಬ್ಬಳಿಗೆ ನೋವಿನ ಭರಕ್ಕೆ ಅದು ಬಿಟ್ಕೊಳ್ಳತ್ತೆ, ಬಿಟ್ಕೊಂಡ್ರೆ ಮಗುವಿಗಿರೋದು ನಿಮಿಷದ ಲೆಕ್ಕ, ಅದಕ್ಕೇ ತಿಂಗಳು ತುಂಬೋಕೆ ಮುಂಚೆ ನೀವು ಇಲ್ಲಿಗೆ ಹತ್ತಿರ ಬಂದಿರಬೇಕು, ನೋವು ಅಂದ್ರೆ ನನ್ನ ಬಾಗಿಲಲ್ಲಿರಬೇಕು, ಭಾಂಡುಪಿನಿಂದ ಬರ್ತೀನಿ ಅಂದ್ರೆ ನಾನು ಒಪ್ಪಲ್ಲ. ನೋವು ಬರಿಸೋ ಕಷಾಯ, ಹರಳೆಣ್ಣೆ, ಏನೂ ಕೊಡಕೂಡದು ಅಜ್ಜಿ. ಕೊಡುವುದಿಲ್ಲ ಡಾಕ್ಟ್ರೇ, ನನಗೆ ಅಷ್ಟು ಬುದ್ಧಿ ಉಂಟು, ಎಂದಳು ಸೇವಂತಿ, ಡಾಕ್ಟರು ನಕ್ಕರು, ಮತ್ತೆ ನಗು ನಿಲ್ಲಿಸಿ ಹೇಳಿದರು, ಗಾಯದ ಮೇಲೆ ಬಿಡದೆ ಉರೀತಿದ್ರೆ ಒಳ್ಳೇದಲ್ಲ, ಬರ್ತಿದ್ದ ನೋವು ಇದ್ದಕ್ಕಿದ್ದ ಹಾಗೆ ನಿಂತೋದ್ರೂ ಒಳ್ಳೇದಲ್ಲ, ನೆನಪಿಟ್ಕೊಳ್ಳಿ. ಎರಡನೆಯ ಇಯತ್ತೆಗೆ ಸ್ಲೇಟು ಬಿಟ್ಟವಳು ಸೇವಂತಿ, ಅವಳಿಗೆ ನೆನಪೇ ಕಾಗದ, ಕಿವಿಗೆ ಬಿದ್ದದ್ದು ಹೋಗುವುದಿಲ್ಲ, ಹೋಗಿದ್ದರೆ ಚೆನ್ನಾಗಿತ್ತು. ಹಿಂದಿರುಗುವಾಗ ದಾದರಿನಲ್ಲಿ ಇಳಿದು ಬ್ರಿಜ್ ಹತ್ತಿ ಈ ಕಡೆಯ ಲೋಕಲ್ ಹಿಡಿದರು, ಬಸುರಿಯನ್ನು ಕಂಡು ಯಾರೋ ಎದ್ದು ಕಿಟಕಿ ಪಕ್ಕ ಜಾಗ ಕೊಟ್ಟರು, ಯಕ್ಷಿತಾ ಗಾಳಿಗೆ ಮುಖ ಕೊಟ್ಟು, ಮಾಮಿ, ಈ ಸಲ ನಾನೇ ಹೆರುತ್ತೇನೆ, ಎಂದಳು. ನೀನೇ ಅಲ್ಲದೆ ಮತ್ತೆ ನಿನ್ನ ಗಂಡ ಹೆರುತ್ತಾನಾ, ಎಂದು ಸೇವಂತಿ ಕೇಳಿದ್ದಕ್ಕೆ ಇಬ್ಬರೂ ಎಷ್ಟು ನಕ್ಕರೆಂದರೆ ಎದುರು ಕೂತ ಮೀನಿನ ಬುಟ್ಟಿಯವಳು, ಕಾಯ್ ಝಾಲಾ ಗೋ, ಏನಾಯಿತೇ, ಎಂದು ತಾನೂ ನಕ್ಕಳು. ಎಲ್ಲಾ ಸರಿಯಾಗಿ ಕೂಡಿಸಿ ಇಟ್ಟ ಹಾಗಿತ್ತು, ಯಾವ ದಿನ ಹೋಗುವುದು, ಯಾವ ಕೋಣೆಯಲ್ಲಿ ಮಲಗುವುದು, ಧಾತ್ರಿಯನ್ನು ಯಾರು ನೋಡುವುದು, ಎರಡನೆಯದು ಗಂಡನ ಮನೆಯಲ್ಲೇ ಆಗಬೇಕಾದದ್ದು ಎಂದು ಗೊಣಗಿದ ಇವರೂ ಕೊನೆಗೆ, ಆಗಲಿ, ಡಾಕ್ಟರು ಹೇಳಿದ ಮೇಲೆ ಮುಗಿಯಿತು, ಎಂದಿದ್ದರು, ಒಬ್ಬ ಮುದುಕ ಊರಿನಲ್ಲಿ ಉಸಿರು ಬಿಡುವ ತನಕ.

ಹಾಲು ಉಕ್ಕಿ ಬರುತ್ತಿದೆ, ಸೇವಂತಿ ಗ್ಯಾಸು ಸಣ್ಣ ಮಾಡುತ್ತಾಳೆ, ಇವರು ಒಳಗೆ ಕೆಮ್ಮುತ್ತಿದ್ದಾರೆ, ಎದ್ದಿದ್ದಾರೆ, ಹೊರಗೆ ಬರಲು ಮುಖವಿಲ್ಲ. ಕೆಟ್ಟವರಲ್ಲ ಇವರು, ಅದೇ ಕಷ್ಟ, ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. ಬೈಕುಲ್ಲಾದ ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದ ಕಾಲದಲ್ಲಿ, ಇನ್ನೂ ಮೀಸೆ ಮೂಡಿರಲಿಲ್ಲ, ಊರಿನಲ್ಲಿ ಅಪ್ಪ ತೀರಿಕೊಂಡ ಸುದ್ದಿಯನ್ನು ಊರಿನವನೊಬ್ಬ ತಂದು ಮೆನೇಜರನ ಕಿವಿಗೆ ಹಾಕಿದ್ದ, ಗಣಪತಿ ಹಬ್ಬದ ರಶ್ಶು, ಗ್ಲಾಸಿನವನು ಊರಿಗೆ ಓಡಿದರೆ ಗಿರಾಕಿಗೆ ಚಾ ಕೊಡುವುದು ಯಾವುದರಲ್ಲಿ, ಹಬ್ಬ ಮುಗಿಯಲಿ ಎಂದು ಅವನು ಬಾಯಿ ಹೊಲಿದುಕೊಂಡ, ಇವರು ಅಪ್ಪನ ಸೂತಕದಲ್ಲಿ ಹೊಸ ಅಂಗಿ ಹಾಕಿದರು, ಮೋದಕ ತಿಂದರು, ಮೂರ್ತಿ ಮುಳುಗಿಸುವ ದಿನ ಬೀದಿಯಲ್ಲಿ ಕುಣಿದರು ಸಹ, ಗೊತ್ತಾದದ್ದು ಆಮೇಲೆ, ಮದುವೆಯಾದ ಹೊಸತರಲ್ಲಿ ಒಮ್ಮೆ ಇದನ್ನು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದವರು ಮತ್ತೆ ಯಾವತ್ತೂ ಆ ಮಾತು ಎತ್ತಿಲ್ಲ. ಅಣ್ಣನ ಹೆಣಕ್ಕೆ ಹೆಗಲು ಕೊಡಲು ಈ ಮೊಣಕಾಲು ಬಿಡಲಿಲ್ಲ, ಸೂತಕವನ್ನಾದರೂ ಸರಿಯಾಗಿ ಹಿಡಿಯುತ್ತೇನೆ ಎಂದು ಕೂತರು, ಗಡ್ಡ ಬಿಟ್ಟರು, ಚಪ್ಪಲಿ ಬಿಟ್ಟರು. ಅಪ್ಪಾ, ಇದು ಬೊಂಬಾಯಿ, ಇಲ್ಲಿ ಯಾರು ನೋಡ್ತಾರೆ, ಎಂದ ಸುಹಾಸ. ನೋಡುವವ ನೋಡುತ್ತಾನೆ ಮಾರಾಯ, ಆಸ್ಪತ್ರೆಗೆ ಬೇಡ ಅಂತ ಹೇಳಿದೆನಾ, ನೋವು ಬಂದರೆ ಸೂತಕ ಇರಲಿ ಬೆಂಕಿ ಇರಲಿ ಎತ್ತಿಕೊಂಡು ಓಡು, ಇನ್ನೊಬ್ಬರ ಮನೆಗೆ ಹೋಗಿ ನಮ್ಮ ಮೈಲಿಗೆ ಹಂಚಬೇಡಿ ಹೇಳಿದ್ದು, ಎಂದರು ಇವರು. ಹಾಗಾದರೆ ಮಲಾಡಿನಲ್ಲಿ ಒಂದು ಹೋಟೆಲ್ ರೂಮ್ ತಕೊಳ್ಳುವಾ, ಎಂದ ಮಗ. ತುಂಬಿದ ಬಸುರಿಯನ್ನು ಲಾಡ್ಜಿನಲ್ಲಿ ಇಡುತ್ತೀಯಾ, ಕೇಳಿದರೆ ಎಂತ ಹೇಳುತ್ತೀ, ಹನಿಮೂನ್ ಅಂತಲಾ. ಯಕ್ಷಿತಾ ಕೂಡ ನಕ್ಕುಬಿಟ್ಟಳು, ಆ ನಗೆಯಲ್ಲಿ ರೂಮಿನ ಮಾತು ಮುಳುಗಿಹೋಯಿತು. ಬಸುರಿಗೆ ಒಂದು ರಿಯಾಯಿತಿ ಇಲ್ಲವಾ ಎಂದು ಸೇವಂತಿ ಕೇಳಿದಳು, ಕೇಳಿದ್ದು ಹೌದು, ಸೂತಕ ಎಂದರೆ ದೀಪಾವಳಿ ಸೇಲಾ ರಿಯಾಯಿತಿ ಕೊಡಲಿಕ್ಕೆ ಎಂದರು ಇವರು, ಅವಳು ತೆಂಗಿನಕಾಯಿ ತುರಿಯಲು ಕೂತಳು. ಬೀಗಿತಿ ವಿಮಲಾ ಮಲಾಡಿನಿಂದ ಫೋನು ಮಾಡಿದಳು, ಸೇವಂತಿಯಕ್ಕ, ಬೇಜಾರು ಮಾಡಬೇಡಿ, ನಮ್ಮ ಮಗ ವಿಕ್ರಮನ ನಿಶ್ಚಯ ಬರುವ ವಾರ, ಮನೆಯಲ್ಲಿ ಮುಡಿಪು ಕಟ್ಟಿ ದೇವರ ಹತ್ತಿರ ಇಟ್ಟಾಗಿದೆ, ಮೈಲಿಗೆ ತಾಗಬಾರದು, ಹೆತ್ತ ಮಗಳಿಗೆ ಬರಬೇಡ ಎನ್ನಲು ನಾಲಗೆ ಬರುವುದಿಲ್ಲ, ನಿಮ್ಮದು ಶುದ್ಧ ಆದ ಮರುದಿನವೇ ನಾನೇ ಬಂದು ಕರಕೊಂಡು ಹೋಗ್ತೇನೆ, ಡೇಟಿಗೆ ಇನ್ನೂ ಉಂಟಲ್ಲ. ಡೇಟಿಗೆ ಇನ್ನೂ ಉಂಟಲ್ಲ, ಸುಹಾಸನೂ ಹೇಳಿದ, ಇವರೂ ಹೇಳಿದರು, ನೆರೆಮನೆಯ ಶುಭಾಂಗಿಯೂ, ಅಜೂನ್ ವೇಳ್ ಆಹೇ ಕಾಕೂ, ಎಂದಳು, ಸೇವಂತಿಯೂ ಅದನ್ನೇ ಹೇಳಿದಳು, ಯಕ್ಷಿತಾ ಒಬ್ಬಳೇ ಹೇಳಲಿಲ್ಲ, ಕಪಾಟಿನ ಪಕ್ಕದ ಚೀಲದಿಂದ ದಿನಕ್ಕೊಂದು ಬಟ್ಟೆ ತೆಗೆದು ಉಡುತ್ತ ಹೋದಳು.

ಹನ್ನೆರಡನೆಯ ದಿನ, ಮರುದಿನ ಬೊಜ್ಜ, ಇವರು ಬಾಳೆಲೆ ತರಲು ಕುಂಟುತ್ತ ಮಾರ್ಕೆಟ್ಟಿಗೆ ಹೋಗಿದ್ದರು, ಪಾವ್‌ವಾಲಾ ಬಂದು ಹೋಗಿದ್ದ, ಯಕ್ಷಿತಾ ಚಾ ಲೋಟವನ್ನು ಕಟ್ಟೆಯ ಮೇಲಿಟ್ಟು ಕಟ್ಟೆಯನ್ನೇ ಹಿಡಿದು ನಿಂತಳು, ಆ ನಿಂತ ಭಂಗಿ ನೋಡಿದರೆ ಯಾವ ಹೆಂಗಸಿಗೂ ಕೇಳಬೇಕಾಗಿಲ್ಲ. ಯಾವಾಗಿನಿಂದ ಮಗಾ. ಬೆಳಗಿನ ಜಾವದಿಂದ, ಸುಳ್ಳು ನೋವು ಇರಬೇಕು ಅಂತ. ಸುಹಾಸ ಡಾಕ್ಟರಿಗೆ ಫೋನು ಮಾಡಿದ, ಸ್ಪೀಕರಿನಲ್ಲಿ ಹಾಕಿದ, ಡಾಕ್ಟರು ಎಲ್ಲಿದ್ದೀರಿ ಎಂದು ಕೇಳಿದರು, ಭಾಂಡುಪ್ ಎಂದ, ಇನ್ನೂ ಭಾಂಡುಪಿನಲ್ಲೇ ಇದೀರಾ, ಎಂದರು. ನೋವು ಎಷ್ಟು ಬಿಟ್ಟು ಬರ್ತಿದೆ ಎಂದು ಕೇಳಿ, ಹಾಗಾದ್ರೆ ಈಗಲೇ ಹೊರಡಿ, ದಾರಿಯಲ್ಲಿ ಸ್ವಲ್ಪ ಏರುಪೇರಾದ್ರೂ ನನ್ನ ಹತ್ರ ಬರೋಕೆ ಕಾಯ್ಬೇಡಿ, ಎದುರಿಗೆ ಸಿಕ್ಕಿದ ಆಸ್ಪತ್ರೆಗೆ ನುಗ್ಗಿ, ಎಂದರು. ಇಲ್ಲೇ ಸ್ಟೇಷನ್ ಹತ್ತಿರ ತೋರಿಸುವಾ ಎಂದ ಸುಹಾಸ, ಯಕ್ಷಿತಾ ಬಾಗಿಲ ಚೌಕಟ್ಟು ಹಿಡಿದು, ನಹೀ, ಅಲ್ಲಿ ನಾನು ಕಾಲಿಡುವುದಿಲ್ಲ, ಬೇಕಾದರೆ ರಸ್ತೆಯಲ್ಲಿ ಹೆರುತ್ತೇನೆ, ಎಂದಳು. ಧಾತ್ರಿಯನ್ನು ಶುಭಾಂಗಿಯ ಸೊಂಟಕ್ಕೆ ಏರಿಸಿ ಮೂವರೂ ಇಳಿದರು, ಗಾಡಿಯವನ ಹೆಸರು ಹಿತೇಶ್ ಎಂದು ಸುಹಾಸ ಫೋನಿನಲ್ಲಿ ನೋಡಿ ಕರೆಯುತ್ತಿದ್ದ, ಹಿತೇಶ್‌ಭಾಯ್ ಜರಾ ಜಲ್ದಿ, ಹಿತೇಶ್‌ಭಾಯ್ ಜರಾ ಸಂಭಾಲ್ ಕೇ, ಅವನು ಎರಡಕ್ಕೂ ಹಾಂ ಎನ್ನುತ್ತಿದ್ದ. ಗಾಡಿಯಲ್ಲಿ ಯಕ್ಷಿತಾ ಚೆನ್ನಾಗಿದ್ದಳು, ಹೌದು, ಚೆನ್ನಾಗಿಯೇ ಇದ್ದಳು, ಕಲಿತ ಹಾಗೆ ಬಾಯಿ ದುಂಡಗೆ ಮಾಡಿ ಉಸಿರು ಬಿಟ್ಟಳು, ನೋವು ಏರಿದಾಗ ಸೇವಂತಿಯ ಮಣಿಕಟ್ಟು ಹಿಡಿದಳು, ಇಳಿದಾಗ ಬಿಟ್ಟಳು, ಹಣೆಯ ಬೆವರಿನ ನಡುವೆ ನಕ್ಕು, ಆಗ್ತಾ ಉಂಟು ಮಾಮಿ, ನನ್ನಿಂದ ಆಗ್ತಾ ಉಂಟು, ಎಂದಳು. ಆಗುತ್ತದೆ ಮಗಾ, ಆಗದೆ ಎಂತ. ಪವಾಯಿ ದಾಟಿದ ಮೇಲೆ ಲಿಂಕ್ ರೋಡಿನಲ್ಲಿ ಗಾಡಿಗಳು ಒಂದರ ಬೆನ್ನಿಗೊಂದು ನಿಂತಿದ್ದವು, ಮೆಟ್ರೋದವರು ಅರ್ಧ ರಸ್ತೆಗೆ ತಗಡು ಹೊಡೆದಿದ್ದರು, ಮುಂದೆ ಸಿಮೆಂಟಿನ ಲಾರಿ ಹೊಟ್ಟೆ ತಿರುಗಿಸುತ್ತ ನಿಂತಿತ್ತು, ಆಗ ಯಕ್ಷಿತಾ ಒಮ್ಮೆ ಹಾ ಎಂದಳು, ದೊಡ್ಡದಾಗಿ ಅಲ್ಲ, ಮುಳ್ಳು ತುಳಿದವರ ಹಾಗೆ, ಮತ್ತೆ ಸುಮ್ಮನಾದಳು. ಉಸಿರು ಊದುವುದನ್ನು ನಿಲ್ಲಿಸಿದಳು. ಮಾಮಿ, ನೋವು ನಿಂತಿತು. ಸುಹಾಸ ಮುಂದಿನ ಸೀಟಿನಿಂದ ತಿರುಗಿ, ಅಬ್ಬ, ಎಂದ, ನೋಡು, ಟೈಮ್ ಸಿಕ್ಕಿತು, ಎಂದ, ಮಗ ನಗುತ್ತಿದ್ದ. ಸೇವಂತಿ ನಗಲಿಲ್ಲ. ನೈಟಿಯ ಮೇಲಿಂದ ಹೊಟ್ಟೆಯ ಮೇಲೆ ಕೈ ಇಟ್ಟಳು, ಹೊಟ್ಟೆ ಮೆತ್ತಗಿತ್ತು, ನೋವಿನಲ್ಲಿ ಕಲ್ಲಾಗಿದ್ದದ್ದು ನಾದಿದ ಹಿಟ್ಟಿನ ಹಾಗೆ, ಆಕಾರ ಓರೆಯಾಗಿತ್ತು, ಪಕ್ಕೆಯ ಹತ್ತಿರ ಬರೀ ಚರ್ಮದ ಕೆಳಗೆ, ನಡುವೆ ಏನೂ ಇಲ್ಲದ ಹಾಗೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಾಗೆ ಒಂದು ಪುಟ್ಟ ಹಿಮ್ಮಡಿ ಅವಳ ಅಂಗೈಗೆ ಸಿಕ್ಕಿತು, ಗಟ್ಟಿಯಾಗಿ, ದುಂಡಗೆ, ನೆಲ್ಲಿಕಾಯಿಯಷ್ಟು, ಅದು ಅವಳ ಅಂಗೈಯನ್ನು ಒತ್ತಿತು. ಒಮ್ಮೆ.

ಆಮೇಲಿನದು ತುಂಡು ತುಂಡಾಗಿ ಬರುತ್ತದೆ, ಸುಹಾಸಾ ನಿಂತದ್ದು ಒಳ್ಳೆಯದಲ್ಲ ಎಂದು ತಾನು ಕೂಗಿದ್ದು, ಹಿತೇಶ್ ಗಾಡಿಯನ್ನು ರಾಂಗ್ ಸೈಡಿಗೆ ಹತ್ತಿಸಿ ಎದುರಿನವರ ಬೈಗುಳ ತಿನ್ನುತ್ತ ನುಗ್ಗಿದ್ದು, ಯಕ್ಷಿತಾಳ ತುಟಿ ಕಾಗದದ ಬಣ್ಣಕ್ಕೆ ತಿರುಗಿದ್ದು, ಸಿಕ್ಕಿದ್ದು ಮಲಾಡಲ್ಲ, ಹೈವೇ ಬದಿಯ ಯಾವುದೋ ಆಸ್ಪತ್ರೆ, ಹೆಸರು ಓದಲು ಬರಲಿಲ್ಲ, ಓದಲು ಬರುವವರಿಗೂ ಪುರುಸೊತ್ತಿರಲಿಲ್ಲ, ಗಾಲಿ ಮಂಚದ ಮೇಲೆ ಹಾಕಿಕೊಂಡು ಓಡುವಾಗ ಒಬ್ಬಳು ಹುಡುಗಿ ಡಾಕ್ಟರು ಯಕ್ಷಿತಾಳ ಕಿವಿಯ ಹತ್ತಿರ ಬಗ್ಗಿ, ಆಪರೇಶನ್ ಕರನಾ ಪಡೇಗಾ, ಹಾಂ ಬೋಲೋ, ಎಂದಳು, ಈ ಸಲ ಅವಳನ್ನೇ ಕೇಳಿದರು, ಅವಳು ಹಾಂ ಎಂದಳು. ಕಾರಿಡಾರಿನಲ್ಲಿ ಸೇವಂತಿ ಬಲಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಳು, ಬಿಚ್ಚಿದರೆ ಅದರೊಳಗಿನದು ಹೋಗಿಬಿಡುತ್ತದೆ ಎನ್ನುವ ಹಾಗೆ, ಸುಹಾಸ ಚಾ ತಂದ, ಎಡಗೈಯಲ್ಲಿ ಹಿಡಿದಳು. ತಾಯಿ ಉಳಿದಳು ಎಂದರು. ಗರ್ಭಚೀಲ ಉಳಿಸಲಾಗಲಿಲ್ಲ ಎಂದರು. ಗಂಡು ಮಗು ಎಂದರು, ಎಂದವರು ತಲೆ ಎತ್ತಲಿಲ್ಲ. ಸಂಜೆ ಶಿವಕುಮಾರಿ ಡಾಕ್ಟರು ಬಂದರು, ಅವರ ಆಸ್ಪತ್ರೆಯಲ್ಲ, ಬರಬೇಕಾದ ಕೆಲಸವೂ ಇರಲಿಲ್ಲ, ಬಂದು ಸೇವಂತಿಯ ಪಕ್ಕದ ಕುರ್ಚಿಯಲ್ಲಿ ಕೂತರು, ಯಾಕೆ ಬರಲಿಲ್ಲ ಅಜ್ಜಿ ಎಂದು ಕೇಳಿದರು, ಸೇವಂತಿ ಹೇಳಿದಳು, ಊರಿನಲ್ಲಿ ಭಾವ ತೀರಿಕೊಂಡರು, ಸೂತಕ ಇತ್ತು, ನಾಳೆ ಕಳೆಯುತ್ತದೆ. ಡಾಕ್ಟರು ಬೈಯುತ್ತಾರೆ ಎಂದು ಕಾದಳು, ಬೈದರೆ ಸಾಕು ಎಂದು ಕಾದಳು, ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಮರುದಿನ ಬೊಜ್ಜ ಆಯಿತು, ಬಾಳೆಲೆ ಬಂದಿತ್ತಲ್ಲ, ಇವರು ಗಡ್ಡ ತೆಗೆಸಿ ಅಣ್ಣನ ಹೆಸರಿನಲ್ಲಿ ಎಲೆ ಹಾಕಿದರು, ಅಣ್ಣನಿಗೆ ಇಷ್ಟವಾದ ಬಂಗುಡೆ ಸಾರು ಬಡಿಸಿದರು, ಕಿಟಕಿಯ ಸಜ್ಜಾದ ಮೇಲೆ ಕಾಗೆ ಬಂದು ಮುಟ್ಟಿತು, ಅದೇ ಹೊತ್ತಿಗೆ ಸುಹಾಸ ಒಬ್ಬನೇ ಬಿಳಿ ಬಟ್ಟೆಯ ಒಂದು ಗಂಟನ್ನು ಎದೆಗೆ ಒತ್ತಿಕೊಂಡು ಮಕ್ಕಳನ್ನು ಹೂಳುವ ಜಾಗ ಯಾವ ಕಡೆ ಎಂದು ಸ್ಮಶಾನದ ವಾಚ್‌ಮನ್ನನ್ನು ಕೇಳುತ್ತಿದ್ದ. ಇದಕ್ಕೆ ಎಷ್ಟು ದಿನ ಎಂದು ಇವರು ಊರಿಗೆ ಫೋನು ಮಾಡಿ ಕೇಳಿದರು, ಆ ಕಡೆಯ ಹಿರಿಯರು ಹೇಳಿದ್ದು ಸ್ಪೀಕರಿನಲ್ಲಿ ಸೇವಂತಿಗೂ ಕೇಳಿಸಿತು, ಉಸಿರೆಳೆಯದ ಕೂಸಿಗೆ ಸೂತಕ ಇಲ್ಲ ಅಂಗಾರಾ, ಒಮ್ಮೆ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಫೋನು ಇಟ್ಟ ಮೇಲೆ ಇವರು ಮೋರಿಗೆ ಹೋದರು, ತಂಬಿಗೆಯ ಸದ್ದು ಒಂದೇ ಸಲ ಬರಬೇಕಾಗಿತ್ತು, ಡ್ರಮ್ಮು ಬರಿದಾಗುವ ತನಕ ಬರುತ್ತಲೇ ಇತ್ತು.

ಆಮೇಲೆ ಹಾಲು ಬಂತು. ಮೊದಲ ಸಲ ಮಗು ಇದ್ದು ಹತ್ತದ ಹಾಲು ಈ ಸಲ ತಾನಾಗಿ ಬಂತು, ಆಸ್ಪತ್ರೆಯಿಂದ ಭಾಂಡುಪಿಗೆ ಕರೆತಂದ ಮೇಲೆ, ನೈಟಿ ಒದ್ದೆಯಾಗುತ್ತಿತ್ತು, ಎದೆ ಕಲ್ಲಾಗುತ್ತಿತ್ತು, ಸೇವಂತಿ ಸ್ಟೇಷನ್ನಿನ ಹೂವಿನವಳಿಂದ ದಿನವೂ ಮಲ್ಲಿಗೆ ತಂದು ಎದೆಗೆ ಹರಡಿ ಹಳೆಯ ಸೀರೆಯಿಂದ ಬಿಗಿಯಾಗಿ ಕಟ್ಟಿದಳು, ಮಲ್ಲಿಗೆ ಕಟ್ಟಿದರೆ ಹಾಲು ಹಿಂಗುತ್ತದೆ, ಅವಳ ತಾಯಿ ಮಾಡಿದ್ದು ಕಂಡಿದ್ದಳು, ಯಾರಿಗೆ ಎಂದು ಈಗ ನೆನಪು ಮಾಡಿಕೊಳ್ಳುವುದಿಲ್ಲ, ಮನೆಯೆಲ್ಲ ಮದುವೆ ಮನೆಯ ಹಾಗೆ ಘಮ್ಮೆನ್ನುತ್ತಿತ್ತು, ಧಾತ್ರಿ, ಅಮ್ಮಾ ನೀನು ಎಲ್ಲಿ ಹೋಗ್ತೀ ಹೂ ಮುಡಕೊಂಡು, ಎಂದು ಕೇಳಿತು. ಕಟ್ಟುವಾಗ ಸೇವಂತಿಯ ಅಂಗೈ ಆ ಬರಿದಾದ ಹೊಟ್ಟೆಯ ಮೇಲೆ ಜಾರಿತು, ಅಲ್ಲೇ, ಪಕ್ಕೆಯ ಹತ್ತಿರ, ಏನೂ ಇಲ್ಲ, ಇಲ್ಲದ ಕಡೆಯಿಂದ ಅದು ಒತ್ತಿತು, ಗಟ್ಟಿಯಾಗಿ, ದುಂಡಗೆ. ಕೈ ಹಿಂದಕ್ಕೆ ಎಳೆದುಕೊಂಡಳು. ಯಕ್ಷಿತಾ ನೋಡಿದಳು, ಕೇಳಲಿಲ್ಲ.

ಹೊತ್ತು ಏರಿದೆ, ಕೆಳಗೆ ಹಾರ್ನ್ ಆಗಿದೆ, ವಿಕ್ರಮ ಬಂದು ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದಾನೆ, ಅವನ ನಿಶ್ಚಯ ಮುಂದಕ್ಕೆ ಹೋಗಿದೆ, ವಿಮಲಾ ಮಾತ್ರ ಒಳಗೆ ಬಂದು ಸೇವಂತಿಯ ಕಣ್ಣು ತಪ್ಪಿಸಿ ಮಗಳ ಕೂದಲು ಬಾಚುತ್ತಿದ್ದಾಳೆ, ಜಡೆ ಸರಿಯಾಗಿಯೇ ಇದೆ, ಮತ್ತೆ ಮತ್ತೆ ಬಾಚುತ್ತಿದ್ದಾಳೆ, ಬರಬೇಡ ಎಂದ ನಾಲಗೆ ಅವಳ ಬಾಯಲ್ಲೂ ಇದೆಯಲ್ಲ. ಸುಹಾಸ ಚೀಲ ಎತ್ತಿದ, ಬಿಟ್ಟು ಬರುತ್ತೇನೆ ಎಂದ, ಬರುತ್ತೇನೆ ಎನ್ನುವಾಗ ಯಾರ ಮುಖವನ್ನೂ ನೋಡಲಿಲ್ಲ. ಇವರು ಒಳಗಿನಿಂದ ಬಂದರು, ಗೋಡೆ ಹಿಡಿದುಕೊಂಡು, ಏನೋ ಹೇಳಬೇಕು ಎಂದು ಇಡೀ ಬೆಳಿಗ್ಗೆ ಕೂಡಿಸಿಟ್ಟುಕೊಂಡವರ ಹಾಗೆ ಬಂದರು, ಬಾಯಿ ತೆರೆದರೆ ಬಂದದ್ದು ಇಷ್ಟೇ, ಇವತ್ತು ಶುಕ್ರವಾರ, ಶುಕ್ರವಾರ ಮನೆಯ ಸೊಸೆ ಹೊಸಿಲು ದಾಟಿ ಹೋಗಬಾರದು ಹೇಳುತ್ತಾರೆ, ನಾಳೆ ಹೋಗಲಿ. ಸೇವಂತಿಯ ಕೈಯಲ್ಲಿದ್ದ ಸೌಟು ಜಾರಿ ನೆಲಕ್ಕೆ ಬಿತ್ತು. ಯಕ್ಷಿತಾ ಎದ್ದು ನಿಂತಳು, ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ನೆಟ್ಟಗೆ, ಮಾಮ, ದಿನ ನೋಡಿಕೊಂಡೇ ಕೂತಿದ್ದೆನಲ್ಲ, ಎಂದಳು. ಜೋರಾಗಿ ಅಲ್ಲ. ಇವರು ಗೋಡೆಗೆ ಒರಗಿ ದಾರಿ ಬಿಟ್ಟರು. ಧಾತ್ರಿ, ಆಜೀ ತೂ ಪಣ್ ಚಲ್ ನಾ, ಅಜ್ಜಿ ನೀನೂ ಬಾ, ಎಂದು ಸೇವಂತಿಯ ಸೀರೆ ಎಳೆಯಿತು, ವಿಮಲಾ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದಳು, ಒಬ್ಬೊಬ್ಬರಾಗಿ ಎಲ್ಲರೂ ಇಳಿದರು, ಯಕ್ಷಿತಾ ಮಾತ್ರ ಹೊಸಿಲ ಹತ್ತಿರ ನಿಂತು ಹಿಂದಿರುಗಿದಳು, ಮಾಮಿ, ಒಂದು ಕೇಳಬೇಕು. ಕೇಳು ಮಗಾ. ಅವತ್ತು ಗಾಡಿಯಲ್ಲಿ ನೋವು ನಿಂತ ಮೇಲೆ ನೀವು ಕೈ ಇಟ್ಟಿದ್ದಿರಿ, ಆಗ ಅದಕ್ಕೆ ಜೀವ ಇತ್ತಾ. ಇಲ್ಲ ಎನ್ನಬಹುದು, ಇಲ್ಲ ಎಂದರೆ ಯಾರ ತಪ್ಪೂ ಇಲ್ಲದೆ ಹೋಗುತ್ತದೆ, ಮೊದಲೇ ಹೋಗಿತ್ತು ಮಗಾ, ಭಾಂಡುಪಿನಲ್ಲೇ ಹೋಗಿತ್ತು, ಮಲಾಡಿನಲ್ಲಿದ್ದರೂ ಅಷ್ಟೇ ಎಂದರೆ ಈ ಮನೆಯ ಗಂಡಸು ಇವತ್ತು ಗಂಜಿ ಉಣ್ಣುತ್ತಾನೆ, ಈ ಹುಡುಗಿ ಒಂದು ದಿನ ತಿರುಗಿ ಬಂದರೂ ಬಂದಾಳು, ಎಲ್ಲಾ ಒಂದು ಮಾತಿನಲ್ಲಿದೆ — ಸೇವಂತಿ ಅವಳ ಮುಖ ನೋಡಿದಳು, ಮುಖದಲ್ಲಿ ಕೋಪವಿರಲಿಲ್ಲ, ಹಸಿವಿತ್ತು, ತನ್ನ ಮಗುವಿನದು ಏನಾದರೊಂದು ಸಿಗಲಿ ಎನ್ನುವ ಹಸಿವು. ಇತ್ತು, ಎಂದಳು. ಇತ್ತು ಮಗಾ, ನನ್ನ ಕೈಗೆ ಒದೆಯಿತು. ಎಲ್ಲಿ. ಸೇವಂತಿ ಬಲಗೈಯನ್ನು ಬಿಚ್ಚಿ ತೋರಿಸಿದಳು, ಯಕ್ಷಿತಾ ಆ ಅಂಗೈಯ ನಡುವೆ ಹೆಬ್ಬೆರಳಿಟ್ಟು ಒತ್ತಿದಳು, ಹೀಗಾ, ಎಂದು ಕೇಳಿದಳು, ಹೀಗೇ, ಸ್ವಲ್ಪ ಮೆಲ್ಲಗೆ. ಅವಳು ಇನ್ನೊಮ್ಮೆ ಒತ್ತಿದಳು, ಮೆಲ್ಲಗೆ, ಮತ್ತೆ ಬಿಟ್ಟಳು, ಮೆಟ್ಟಿಲಿಳಿದಳು, ಒಂದು ಮೆಟ್ಟಿಲು ನಿಂತು ಇನ್ನೊಂದು, ಕೆಳಗೆ ಗಾಡಿಯ ಬಾಗಿಲು ಮುಚ್ಚಿತು, ಯಕ್ಷಿತಾ ಹೋದಳು, ಧಾತ್ರಿಯನ್ನು ಕರೆದುಕೊಂಡು, ಶುಕ್ರವಾರ, ಮಲಾಡಿಗೆ, ಸೇವಂತಿ ಬಾಗಿಲಲ್ಲಿ ಬಿಚ್ಚಿದ ಅಂಗೈಯನ್ನು ಮುಂದೆ ಹಿಡಿದುಕೊಂಡೇ ನಿಂತಿದ್ದಾಳೆ, ಒಳಗಿನಿಂದ ಇವರು ಏನೋ ಕೇಳುತ್ತಿದ್ದಾರೆ, ಕೇಳಿಸುತ್ತಿಲ್ಲ, ಅಂಗೈಯ ನಡುವೆ ಆ ಹಿಮ್ಮಡಿ, ಗಟ್ಟಿಯಾಗಿ, ದುಂಡಗೆ, ಒಮ್ಮೆ ಒತ್ತಿತು, ಈಗ ಇನ್ನೊಮ್ಮೆ ಒತ್ತಬೇಕು, ಆ ಹಿಮ್ಮಡಿ —